ಯಂತ್ರದ ಕಂಠ: ನೀಲ್ ಯಂಗ್ ಅವರ ‘ಟ್ರಾನ್ಸ್’ ಮತ್ತು ಅದರ ಕೇಳುಗರು

1982ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ‘ಟ್ರಾನ್ಸ್’ ಎಂಬ ಆಲ್ಬಂ ನೀಲ್ ಯಂಗ್ ಅವರ ಕೇಳುಗರನ್ನು ಎರಡು ಪಾಲು ಮಾಡಿತು. ನಾಲ್ಕು ದಶಕ ಕಳೆದರೂ ಆ ಬಿರುಕು ಪೂರ್ತಿ ಮುಚ್ಚಿಲ್ಲ. ಆಲ್ಬಂನಲ್ಲಿರುವುದು ಒಂಬತ್ತು ಹಾಡು. ಆರರಲ್ಲಿ ಯಂಗ್ ಅವರ ದನಿ ವೊಕೋಡರ್ ಎಂಬ ಉಪಕರಣದೊಳಗೆ ಹಾದು, ರೋಬೊ ಹಾಡಿದಂತೆ ಕೇಳಿಸುತ್ತದೆ. ಉಳಿದ ಮೂರರಲ್ಲಿ ಅವರದೇ ದನಿ, ಪರಿಚಿತ ಧಾಟಿ. ಗಿಟಾರು, ಹಾರ್ಮೋನಿಕಾ ಹಿಡಿದು ಎದೆಯ ನೋವನ್ನು ಹಾಡಿಕೊಂಡು ಬಂದಿದ್ದ ಮನುಷ್ಯ ಹೀಗೇಕೆ ಮಾಡಿದ ಎಂದು ಒಂದು ಗುಂಪು ಸಿಟ್ಟಾಯಿತು. ಇದು ಆತನ ಧೈರ್ಯದ ಕೆಲಸ ಎಂದು ಇನ್ನೊಂದು, ಚಿಕ್ಕ ಗುಂಪು ಹಿಗ್ಗಿತು. ಯಾತಕ್ಕಾಗಿ ಜಗಳವಾಡುತ್ತಿದ್ದೇವೆ ಎಂಬುದು ಎರಡೂ ಗುಂಪಿಗೆ ಆಗ ಪೂರ್ತಿ ಗೊತ್ತಿರಲಿಲ್ಲ.

ಯಂಗ್ ಹುಟ್ಟಿದ್ದು 1945ರ ನವೆಂಬರ್ 12ರಂದು, ಕೆನಡಾದ ಟೊರಾಂಟೊದಲ್ಲಿ. ತಂದೆ ಸ್ಕಾಟ್ ಯಂಗ್ ಪತ್ರಕರ್ತರು. ಐದು ವರ್ಷದ ಹುಡುಗನಿದ್ದಾಗ, 1951ರಲ್ಲಿ, ಯಂಗ್‌ಗೆ ಪೋಲಿಯೊ ತಗುಲಿತು. ವಿನಿಪೆಗ್‌ನಲ್ಲಿ ಹದಿಹರೆಯ ಕಳೆದು, 1966ರಲ್ಲಿ ಲಾಸ್ ಏಂಜಲೀಸ್ ಸೇರಿ ‘ಬಫಲೊ ಸ್ಪ್ರಿಂಗ್‌ಫೀಲ್ಡ್’ ತಂಡ ಕಟ್ಟಿದವರಲ್ಲಿ ಒಬ್ಬರಾದರು. ಆಮೇಲೆ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಅವರ ಜೊತೆ, ಮತ್ತು ‘ಕ್ರೇಜಿ ಹಾರ್ಸ್’ ತಂಡದ ಜೊತೆ ಹಾಡಿದರು. ಇವೆಲ್ಲದರ ನಡುವೆ ಸ್ವಂತ ಹೆಸರಿನ ಆಲ್ಬಂಗಳನ್ನೂ ತಂದರು. 1972ರ ‘ಹಾರ್ವೆಸ್ಟ್’ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ. ಅದರ ‘ಹಾರ್ಟ್ ಆಫ್ ಗೋಲ್ಡ್’ ಅಲ್ಲಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅವರ ಏಕೈಕ ಹಾಡು. ಸಣ್ಣಗೆ, ಮೂಗಿನಲ್ಲಿ ಹೊರಡುವ, ಎತ್ತರದ ಸ್ವರದಲ್ಲಿ ಇನ್ನೇನು ಒಡೆದೇಹೋಯಿತು ಅನ್ನಿಸುವ ಆ ದನಿಯನ್ನು ಸುಶ್ರಾವ್ಯ ಎಂದು ಯಾರೂ ಹೊಗಳಲಿಲ್ಲ. ಸುಳ್ಳಾಡದ ದನಿ ಎಂದು ನಂಬಿದರು.

ಈ ನಂಬಿಕೆಯ ಹಿಂದೆ ಅಮೆರಿಕದ ಜನಪ್ರಿಯ ಸಂಗೀತದ ಒಂದು ಒಪ್ಪಂದವಿದೆ. ಕನ್ನಡದ ಸುಗಮ ಸಂಗೀತದಲ್ಲಿ ಕವಿ ಒಬ್ಬರು, ರಾಗ ಸಂಯೋಜಕರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಸಿ. ಅಶ್ವತ್ಥ್ ಶರೀಫರ ಪದ ಹಾಡಿದರೆ ಅದು ಅಶ್ವತ್ಥರ ಆತ್ಮಕಥೆ ಎಂದು ಯಾರೂ ತಿಳಿಯುವುದಿಲ್ಲ. ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವ ಗಾಯಕ-ಗೀತಕಾರನ ವಿಷಯ ಬೇರೆ. 1960ರ ದಶಕದ ಕೊನೆಯಿಂದ ಜೋನಿ ಮಿಚೆಲ್, ಜೇಮ್ಸ್ ಟೇಲರ್, ಲೆನರ್ಡ್ ಕೋಹೆನ್ ಮುಂತಾದವರ ಹಾಡುಗಳನ್ನು ಜನ ಅವರ ಖಾಸಗಿ ಪತ್ರಗಳಂತೆ ಕೇಳಿದರು. ಆ ಪತ್ರಗಳ ಕೆಳಗಿನ ಸಹಿ ಎಂದರೆ ಹಾಡುವವರ ಕಂಠ. ವಾದ್ಯ ಬದಲಾದರೆ ಸ್ವಲ್ಪ ಗೊಣಗಾಟ, ಕಂಠವೇ ಬದಲಾದರೆ ಮೋಸ ಎಂಬ ಭಾವನೆ.

ಗೊಣಗಾಟವೂ ಕೆಲವೊಮ್ಮೆ ಜೋರಾಗಿಯೇ ಇರುತ್ತಿತ್ತು. ಬಾಬ್ ಡಿಲನ್ 1965ರ ಜುಲೈಯಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಎಲೆಕ್ಟ್ರಿಕ್ ಗಿಟಾರು ತಂದಾಗ ಸಭಿಕರಲ್ಲಿ ಕೆಲವರು ಕೂಗಾಡಿದರು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ಕೇಳುಗ ಅವರನ್ನು ಏಸುವಿಗೆ ದ್ರೋಹ ಬಗೆದ ಜೂದಾಸನ ಹೆಸರಿನಿಂದಲೇ ಕೂಗಿ ಕರೆದ. ಡಿಲನ್ 1979ರಲ್ಲಿ ಕ್ರೈಸ್ತ ಭಕ್ತಿಗೀತೆಗಳತ್ತ ಹೊರಳಿದಾಗ, ಜೋನಿ ಮಿಚೆಲ್ ಅದೇ ವರ್ಷ ಜಾಜ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಹೆಸರಿನ ಆಲ್ಬಂ ತಂದಾಗಲೂ ಹಳೆಯ ಕೇಳುಗರಲ್ಲಿ ಹಲವರು ಹಿಂದುಳಿದರು. ಆದರೆ ಇವರ್‍ಯಾರೂ ತಮ್ಮ ಗಂಟಲನ್ನು ಬಿಟ್ಟುಕೊಟ್ಟಿರಲಿಲ್ಲ.

ಯಂಗ್ ಬದಲಾವಣೆಗೆ ಹೊಸಬರೇನೂ ಅಲ್ಲ. ‘ಹಾರ್ಟ್ ಆಫ್ ಗೋಲ್ಡ್’ ತನ್ನನ್ನು ರಸ್ತೆಯ ನಡುಮಧ್ಯಕ್ಕೆ ತಂದು ನಿಲ್ಲಿಸಿತು, ಅಲ್ಲಿ ಬೇಸರವಾಗಿ ತಾನು ಪಕ್ಕದ ಹಳ್ಳದ ಕಡೆ ಗಾಡಿ ತಿರುಗಿಸಿದೆ ಎಂಬರ್ಥದ ಮಾತನ್ನು 1977ರ ‘ಡೆಕೇಡ್’ ಸಂಕಲನದ ಟಿಪ್ಪಣಿಯಲ್ಲಿ ಅವರು ಬರೆದಿದ್ದರು. 1973ರಿಂದ 1975ರವರೆಗೆ ಬಂದ ‘ಟೈಮ್ ಫೇಡ್ಸ್ ಅವೇ’, ‘ಆನ್ ದ ಬೀಚ್’, ‘ಟುನೈಟ್ಸ್ ದ ನೈಟ್’ ಎಂಬ ಮೂರು ಒರಟು ಆಲ್ಬಂಗಳನ್ನು ಅಭಿಮಾನಿಗಳು ಈಗಲೂ ಹಳ್ಳದ ತ್ರಿವಳಿ ಎಂದೇ ಕರೆಯುತ್ತಾರೆ. ಬಂದಾಗ ಬೇಡವಾಗಿದ್ದ ಈ ಮೂರು ಆಮೇಲೆ ಅವರ ಉತ್ತಮ ಕೃತಿಗಳ ಸಾಲಿಗೆ ಸೇರಿದವು. 1979ರ ‘ರಸ್ಟ್ ನೆವರ್ ಸ್ಲೀಪ್ಸ್’ ಅನ್ನು ಪಂಕ್ ಹುಡುಗರೂ ಮೆಚ್ಚಿದರು. ಹೀಗಾಗಿ 1982ರ ಹೊತ್ತಿಗೆ ಯಂಗ್ ಅವರ ಕೇಳುಗರಿಗೆ ತಾವು ಯಾವ ತಿರುವಿಗೂ ಸಿದ್ಧರಾದವರು ಎಂಬ ಸಣ್ಣ ಜಂಬವೇ ಇತ್ತು. ‘ಟ್ರಾನ್ಸ್’ ಆ ಜಂಬವನ್ನು ಪರೀಕ್ಷೆಗೆ ಒಡ್ಡಿತು.

ಆಲ್ಬಂ ಬಂದ ಹೊತ್ತೂ ವಿಚಿತ್ರವಾಗಿತ್ತು. ಟೈಮ್ ಪತ್ರಿಕೆ ಪ್ರತಿ ವರ್ಷ ‘ವರ್ಷದ ವ್ಯಕ್ತಿ’ಯನ್ನು ಆರಿಸುವ ವಾಡಿಕೆಯನ್ನು ಮುರಿದು, 1983ರ ಜನವರಿ 3ರ ಸಂಚಿಕೆಯ ಮುಖಪುಟದಲ್ಲಿ ಕಂಪ್ಯೂಟರನ್ನು ‘ವರ್ಷದ ಯಂತ್ರ’ ಎಂದು ಕೂರಿಸಿತು. ಸಿಂಥಸೈಜರ್ ನುಡಿಸುವ ಬ್ರಿಟಿಷ್ ತಂಡಗಳು ಅಮೆರಿಕದ ರೇಡಿಯೊ ಆಕ್ರಮಿಸುತ್ತಿದ್ದವು. ಜರ್ಮನಿಯ ಡಸೆಲ್‌ಡಾರ್ಫ್‌ನ ‘ಕ್ರಾಫ್ಟ್‌ವರ್ಕ್’ ತಂಡ 1977ರ ‘ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್’ನಿಂದ 1981ರ ‘ಕಂಪ್ಯೂಟರ್ ವರ್ಲ್ಡ್’ವರೆಗೆ ಯಂತ್ರದ ಲಯ, ಯಂತ್ರದ ದನಿಯಲ್ಲೇ ಹೊಸ ಸಂಗೀತ ಕಟ್ಟಿತ್ತು; ಅದರ ಪ್ರಭಾವವನ್ನು ಯಂಗ್ ಮುಚ್ಚಿಡಲಿಲ್ಲ. ಇತ್ತ ರಾಕ್ ಸಂಗೀತದ ಸಂಪ್ರದಾಯಸ್ಥರಿಗೆ ಸಿಂಥಸೈಜರ್ ಎಂದರೆ ಮೈಲಿಗೆ. ‘ಕ್ವೀನ್’ ತಂಡ 1970ರ ದಶಕದ ತನ್ನ ಆಲ್ಬಂಗಳ ಮೇಲೆ ಇದರಲ್ಲಿ ಸಿಂಥಸೈಜರ್ ಬಳಸಿಲ್ಲ ಎಂದು ಹೆಮ್ಮೆಯಿಂದ ಅಚ್ಚು ಹಾಕಿಸುತ್ತಿತ್ತು. ‘ಟ್ರಾನ್ಸ್’ಗಿಂತ ಮೂರು ತಿಂಗಳು ಮೊದಲು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕೂಡ ತಮ್ಮ ಅಭಿಮಾನಿಗಳನ್ನು ಚಕಿತಗೊಳಿಸಿದ್ದರು. ಆದರೆ ಅವರು ಹೋದದ್ದು ತದ್ವಿರುದ್ಧ ದಿಕ್ಕಿಗೆ: ಮನೆಯಲ್ಲಿ ಒಬ್ಬರೇ ಕೂತು ಕ್ಯಾಸೆಟ್ ಯಂತ್ರದಲ್ಲಿ ದಾಖಲಿಸಿದ ‘ನೆಬ್ರಾಸ್ಕಾ’. ಆ ಬಡತನದ ಸದ್ದಿಗೆ ಪ್ರಾಮಾಣಿಕತೆಯ ಪ್ರಶಸ್ತಿ ಸುಲಭವಾಗಿ ಸಿಕ್ಕಿತು.

ಯಂಗ್ ಆಗಷ್ಟೇ ಕಂಪನಿ ಬದಲಿಸಿದ್ದರು. ಬಹುಕಾಲ ಜೊತೆಗಿದ್ದ ರೀಪ್ರೈಸ್ ಬಿಟ್ಟು, ಹಳೆಯ ಪರಿಚಯದ ಡೇವಿಡ್ ಗೆಫೆನ್ 1980ರಲ್ಲಿ ಹುಟ್ಟುಹಾಕಿದ ಗೆಫೆನ್ ರೆಕಾರ್ಡ್ಸ್‌ಗೆ ಸೇರಿದರು. ಪ್ರತಿ ಆಲ್ಬಂಗೆ 10 ಲಕ್ಷ ಡಾಲರ್, ಜೊತೆಗೆ ಏನನ್ನು ಬೇಕಾದರೂ ಮಾಡುವ ಪೂರ್ಣ ಸ್ವಾತಂತ್ರ್ಯ ಎಂಬುದು ಕರಾರು. 1982ರಲ್ಲಿ ಹವಾಯಿಯಲ್ಲಿ ಕೂತು ಸಮುದ್ರ, ದ್ವೀಪ, ಪ್ರೀತಿಯ ಸುತ್ತಲಿನ ಹಗುರ ಹಾಡುಗಳನ್ನು ಅವರು ಮೊದಲು ದಾಖಲಿಸಿದರು. ಕಂಪನಿಗೆ ಅದು ಸಪ್ಪೆಯೆನಿಸಿತು, ಬೇರೇನಾದರೂ ಕೊಡಿ ಎಂದಿತು. ಯಂಗ್ ಹವಾಯಿಯ ಮೂರು ಹಾಡುಗಳನ್ನು ಉಳಿಸಿಕೊಂಡು, ಕ್ಯಾಲಿಫೋರ್ನಿಯಾದ ತಮ್ಮ ತೋಟದ ಮನೆಯ ಸ್ಟುಡಿಯೊದಲ್ಲಿ ಪ್ರತ್ಯೇಕವಾಗಿ ಬೆಳೆಯುತ್ತಿದ್ದ ವೊಕೋಡರ್ ಹಾಡುಗಳ ಜೊತೆ ಅವನ್ನು ಬೆಸೆದರು. ‘ಟ್ರಾನ್ಸ್’ ಬಗ್ಗೆ ಹುಟ್ಟಿದ ಅರ್ಧದಷ್ಟು ಗೊಂದಲದ ಬೇರು ಇಲ್ಲಿದೆ. ಬೇರೆಬೇರೆ ಮನಸ್ಥಿತಿಯ ಎರಡು ಆಲ್ಬಂಗಳು ಒಂದೇ ಹೊದಿಕೆಯೊಳಗೆ ಬಂದವು. ತರಾತುರಿ ಎಷ್ಟಿತ್ತೆಂದರೆ, ಕೊನೆ ಗಳಿಗೆಯಲ್ಲಿ ಕೈಬಿಟ್ಟ ‘ಇಫ್ ಯು ಗಾಟ್ ಲವ್’ ಎಂಬ ಹಾಡಿನ ಹೆಸರು ಹೊದಿಕೆಯ ಮೇಲೆ ಹಾಗೇ ಉಳಿದುಹೋಯಿತು.

ವೊಕೋಡರ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಹೋಮರ್ ಡಡ್ಲಿ 1930ರ ದಶಕದಲ್ಲಿ ಇದನ್ನು ರೂಪಿಸಿದ್ದು ದೂರವಾಣಿಯ ಮಾತನ್ನು ಕಡಿಮೆ ಜಾಗದಲ್ಲಿ ತಂತಿಯ ಮೇಲೆ ಕಳಿಸುವುದಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ನಾಯಕರ ರಹಸ್ಯ ಸಂಭಾಷಣೆಯನ್ನು ಗುಪ್ತಲಿಪಿಗೆ ತಿರುಗಿಸುವ ‘ಸಿಗ್ಸಾಲಿ’ ವ್ಯವಸ್ಥೆಗೂ ಇದೇ ಆಧಾರ. ಅದರ ಕೆಲಸ ಹೀಗೆ: ಹಾಡುವವರ ದನಿಯನ್ನು ಮಂದ್ರದಿಂದ ತಾರದವರೆಗೆ ಹಲವು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲಿ ಕ್ಷಣಕ್ಷಣಕ್ಕೂ ಎಷ್ಟು ಬಲವಿದೆ ಎಂದು ಅಳೆಯುತ್ತದೆ. ಆ ಏರಿಳಿತವನ್ನು ಸಿಂಥಸೈಜರ್‌ನ ನಾದದ ಮೇಲೆ ಹೊದಿಸುತ್ತದೆ. ನಾಲಿಗೆ, ತುಟಿಗಳು ಮಾತಿಗೆ ಕೊಡುವ ಆಕಾರ ಉಳಿಯುತ್ತದೆ, ಗಂಟಲಿನ ಬಣ್ಣ ಹೋಗುತ್ತದೆ. ಸ್ವರ ಯಾವುದು ಎಂಬುದನ್ನು ಹಾಡುವವರ ಬದಲು ಕೀಲಿಮಣೆ ನಿರ್ಧರಿಸುತ್ತದೆ. ಉಸಿರು, ನಡುಕ, ಒಡಕು ಎಲ್ಲ ಸೋಸಿಹೋಗುತ್ತವೆ. ಯಂಗ್ ಅವರ ಅಭಿಮಾನಿಗಳು ಪ್ರೀತಿಸಿದ್ದು ನಿಖರವಾಗಿ ಆ ನಡುಕವನ್ನು, ಆ ಒಡಕನ್ನು. ಬೇರೊಬ್ಬ ಗಾಯಕರಾಗಿದ್ದರೆ ಇದು ಒಂದು ಅಲಂಕಾರವಾಗಿ ಮುಗಿದುಹೋಗುತ್ತಿತ್ತೇನೋ.

ಹಾಡುಗಳ ಒಳಗೆ ಹೋದರೆ ಕಂಪ್ಯೂಟರ್ ಯುಗದ ವಿಚಿತ್ರ ಚಿತ್ರಗಳು ಸಿಗುತ್ತವೆ. ‘ವಿ ಆರ್ ಇನ್ ಕಂಟ್ರೋಲ್’ನಲ್ಲಿ ಯಂತ್ರಗಳ ಮೇಳವೊಂದು ಟ್ರಾಫಿಕ್ ದೀಪದಿಂದ ದತ್ತಾಂಶ ಭಂಡಾರದವರೆಗೆ ಎಲ್ಲವೂ ತಮ್ಮ ಹಿಡಿತದಲ್ಲಿದೆ ಎಂದು ಸಾರುತ್ತದೆ. ‘ಕಂಪ್ಯೂಟರ್ ಕೌಬಾಯ್’ನ ದನಗಾಹಿಯ ಹಸುಗಳಿಗೆಲ್ಲ ಅಂಕಿಗಳುಂಟು, ಆತ ಪೇಟೆಗೆ ಬಂದು ಕಂಪ್ಯೂಟರ್ ವ್ಯವಸ್ಥೆಗಳನ್ನು ಕೆಡವುವ ಕಳ್ಳನೂ ಹೌದು. ಹ್ಯಾಕರ್ ಎಂಬ ಮಾತು ಪತ್ರಿಕೆಗಳಲ್ಲಿ ಇನ್ನೂ ರೂಢಿಯಾಗಿರದ ಕಾಲದ ಕಲ್ಪನೆ ಇದು. ‘ಸ್ಯಾಂಪಲ್ ಅಂಡ್ ಹೋಲ್ಡ್’ನಲ್ಲಿ ಒಬ್ಬ ಮನುಷ್ಯ ತನಗೆ ಬೇಕಾದ ಸಂಗಾತಿಯ ಕಣ್ಣಿನ ಬಣ್ಣ, ಕೂದಲು, ತೂಕ ಹೇಳಿ ಕಾರ್ಖಾನೆಗೆ ಆರ್ಡರ್ ಕೊಡುತ್ತಾನೆ. ಇವೆಲ್ಲ ಸಾಕಷ್ಟು ತಮಾಷೆಯ ಹಾಡುಗಳು; ಯಂಗ್ ಅವರಲ್ಲಿ ಹಾಸ್ಯವನ್ನು ನಿರೀಕ್ಷಿಸದ ಕೇಳುಗರಿಗೆ ಅದು ಕೇಳಿಸಲೇ ಇಲ್ಲ. ‘ಮಿಸ್ಟರ್ ಸೋಲ್’ ಮಾತ್ರ ಹಳೆಯದು, 1967ರಲ್ಲಿ ಬಫಲೊ ಸ್ಪ್ರಿಂಗ್‌ಫೀಲ್ಡ್ ಕಾಲದಲ್ಲಿ ಬಂದದ್ದು. ಅದನ್ನೂ ಯಂತ್ರದ ಬಾಯಿಗೆ ಹಾಕಿದ್ದು ಹಳೆಯ ಭಕ್ತರಿಗೆ ಮೂರ್ತಿಭಂಜನೆಯಂತೆ ಕಂಡಿತು. ಇವುಗಳ ನಡುವೆ ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಎಂಬ ಒಂದು ಮೆಲುವಾದ ಹಾಡು, ಬಹುತೇಕ ಜೋಗುಳದಂಥದು. ಅದರಲ್ಲಿ ಯಾರೋ ಯಾರನ್ನೋ ತುಂಬ ಪ್ರೀತಿಯಿಂದ ಕರೆಯುತ್ತಿದ್ದಾರೆ, ಗುಂಡಿ ಒತ್ತುವ ಪ್ರಸ್ತಾಪ ಬರುತ್ತದೆ. ಅದಕ್ಕಿಂತ ಹೆಚ್ಚು 1983ರಲ್ಲಿ ಯಾರಿಗೂ ತಿಳಿಯಲಿಲ್ಲ, ಮಾತುಗಳೂ ಅಷ್ಟಾಗಿ ಕಿವಿಗೆ ಬೀಳುತ್ತಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಯೂರೋಪಿನಲ್ಲಿ. 1982ರ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಯಂಗ್ ಅಲ್ಲಿ ಪ್ರವಾಸ ಮಾಡಿದರು. ಜೊತೆಗೆ ನಿಲ್ಸ್ ಲಾಫ್‌ಗ್ರೆನ್, ಬಫಲೊ ಸ್ಪ್ರಿಂಗ್‌ಫೀಲ್ಡ್‌ನ ಹಳೆಯ ಗೆಳೆಯ ಬ್ರೂಸ್ ಪಾಮರ್, ಬೆನ್ ಕೀತ್, ರಾಲ್ಫ್ ಮೊಲಿನಾ, ಜೋ ಲಾಲಾ ಇದ್ದರು. ಆಲ್ಬಂ ಇನ್ನೂ ಹೊರಬಂದಿರಲಿಲ್ಲ. ‘ಹಾರ್ವೆಸ್ಟ್’ ಮನಸ್ಸಿನಲ್ಲಿಟ್ಟುಕೊಂಡು ಟಿಕೆಟ್ ಕೊಂಡವರ ಎದುರು ಯಂಗ್ ಕಪ್ಪು ಕನ್ನಡಕ ಹಾಕಿ, ತಲೆಗೆ ಮೈಕ್ ಸಿಕ್ಕಿಸಿಕೊಂಡು, ಯಾರೂ ಹಿಂದೆಂದೂ ಕೇಳಿರದ ಹಾಡುಗಳನ್ನು ರೋಬೊ ದನಿಯಲ್ಲಿ ಹಾಡತೊಡಗಿದರು. ಬರ್ಲಿನ್ ಕಾರ್ಯಕ್ರಮದ ಚಿತ್ರೀಕರಣ ಉಳಿದಿದೆ. ಹಳೆಯ ಹಾಡುಗಳಿಗೆ ಸಿಗುವ ಚಪ್ಪಾಳೆಗೂ ಹೊಸವಕ್ಕೆ ಸಿಗುವ ಚಪ್ಪಾಳೆಗೂ ಇರುವ ಅಂತರ ಅದರಲ್ಲಿ ಗೊತ್ತಾಗುತ್ತದೆ.

ಆಲ್ಬಂ ಪೂರ್ತಿ ಸೋತಿತು ಎನ್ನುವ ಹಾಗಿಲ್ಲ. ಅಮೆರಿಕದ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ 29ನೆಯ ಸ್ಥಾನಕ್ಕೂ ಏರಿತು. ಹೆಸರಿನ ಬಲದಿಂದ ಕೊಂಡವರು ಸಾಕಷ್ಟು ಜನ. ತಂದು ಹಾಕಿ ಕೇಳಿದ ಮೇಲೆ ಶುರುವಾಯಿತು ವಾದ. ವಿರೋಧಿಗಳೆಲ್ಲ ಒಂದೇ ಕಾರಣಕ್ಕೆ ವಿರೋಧಿಗಳಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಜಾನಪದ ಧಾಟಿಯ ಯಂಗ್‌ರನ್ನು ಪ್ರೀತಿಸಿದವರಿಗೆ ಆ ದನಿ ಕಳೆದುಹೋದದ್ದೇ ದುಃಖ. ಕ್ರೇಜಿ ಹಾರ್ಸ್ ಜೊತೆಗಿನ ಅಬ್ಬರದ ಗಿಟಾರು ಬೇಕಿದ್ದವರಿಗೆ ಡ್ರಮ್ ಯಂತ್ರದ ಸಪಾಟು ಲಯ ರುಚಿಸಲಿಲ್ಲ. ಇತ್ತ ಎಲೆಕ್ಟ್ರಾನಿಕ್ ಸಂಗೀತವನ್ನೇ ಮೆಚ್ಚುವ ಎಳೆಯರ ಪಾಲಿಗೆ ಇದು 37 ದಾಟಿದ ಹಿಪ್ಪಿಯೊಬ್ಬರು ತಡವಾಗಿ ಫ್ಯಾಷನ್ ಅಂಗಡಿಗೆ ಬಂದಂತೆ. ಕ್ರಾಫ್ಟ್‌ವರ್ಕ್‌ನ ಕುಸುರಿಯ ಪಕ್ಕದಲ್ಲಿ ಇದು ಹವ್ಯಾಸಿಯ ಕೆಲಸ ಎಂಬುದು ಅವರ ತಕರಾರು. ಆ ತಕರಾರಿನಲ್ಲಿ ಹುರುಳಿದೆ. ಕ್ರಾಫ್ಟ್‌ವರ್ಕ್ ಯಂತ್ರದ ಶಿಸ್ತಿಗೆ ತನ್ನನ್ನು ಪೂರ್ತಿ ಒಪ್ಪಿಸಿಕೊಂಡಿತ್ತು. ಯಂಗ್ ಹಾಗೆ ಮಾಡಲಿಲ್ಲ. ಯಂತ್ರದ ಜೊತೆ ಹಳೆಯ ಗಿಟಾರನ್ನೂ ಹಳೆಯ ಗೆಳೆಯರನ್ನೂ ಕೂರಿಸಿದರು, ಅವರ ತಾಳ ಅಲ್ಲಲ್ಲಿ ಓಲಾಡುತ್ತದೆ. ಮೆಚ್ಚಿದವರು ಮೆಚ್ಚಿದ್ದು ಈ ಓಲಾಟವನ್ನೇ. ಅವರ ಪ್ರಕಾರ ‘ಟ್ರಾನ್ಸ್’ ಕೂಡ ಹಳ್ಳದ ಕಡೆಗಿನ ಇನ್ನೊಂದು ಪಯಣ, ‘ಟುನೈಟ್ಸ್ ದ ನೈಟ್’ಗೆ ಸಿಕ್ಕ ನ್ಯಾಯ ಇದಕ್ಕೂ ಒಂದು ದಿನ ಸಿಗುತ್ತದೆ.

ಯಂಗ್ ಆಗ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಮನೆಯೊಳಗಿತ್ತು. 1978ರಲ್ಲಿ ಹುಟ್ಟಿದ ಮಗ ಬೆನ್‌ಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಸ್ವಾಧೀನದಲ್ಲಿಲ್ಲ, ಮಾತು ಬಾರದು. ಯಂಗ್ ಮತ್ತು ಪತ್ನಿ ಪೆಗಿ ಒಂದೂವರೆ ವರ್ಷದಷ್ಟು ಕಾಲ ಮಗುವಿಗೆ ಮನೆಯಲ್ಲೇ ಒಂದು ಕಠಿಣ ವ್ಯಾಯಾಮ ಪದ್ಧತಿ ನಡೆಸಿದರು. ಮಗುವಿನ ಕೈಕಾಲುಗಳನ್ನು ಹಿಡಿದು ಅಂಬೆಗಾಲಿಕ್ಕುವ ಚಲನೆಯನ್ನು ದಿನದ ಬಹುಪಾಲು ಹೊತ್ತು, ವಾರದ ಎಲ್ಲ ದಿನ, ಮತ್ತೆಮತ್ತೆ ಮಾಡಿಸುವುದು ಅದರ ಕ್ರಮ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈ ಬಗೆಯ ಚಿಕಿತ್ಸೆಗೆ ಸಾಕಷ್ಟು ಆಧಾರವಿಲ್ಲ ಎಂದು 1982ರಲ್ಲಿ ಹೇಳಿತು. ಯಂಗ್ ದಂಪತಿಯೂ ಅದನ್ನು ಕೈಬಿಟ್ಟರು. 1981ರ ‘ರಿಆಕ್ಟರ್’ ಆಲ್ಬಂನ ಬಡಿದದ್ದನ್ನೇ ಬಡಿಯುವ ಲಯದಲ್ಲಿ ಆ ದಿನಚರಿಯ ನೆರಳಿದೆ ಎಂದು ಯಂಗ್ ಮುಂದೆ ಹೇಳಿದ್ದಾರೆ. ಬೆನ್‌ಗೆ ಆಟಿಕೆ ರೈಲೆಂದರೆ ಇಷ್ಟ. ಕೈಬೆರಳು ಬಳಸಲಾಗದ ಹುಡುಗ ರೈಲನ್ನು ತಾನೇ ಓಡಿಸುವಂತೆ ತಂದೆ ದೊಡ್ಡ ಗುಂಡಿಯ ನಿಯಂತ್ರಕ ಮಾಡಿಕೊಟ್ಟರು. ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ನ ಗುಂಡಿ ಅದು, ಹಾಡು ಕರೆಯುತ್ತಿದ್ದದ್ದು ಬೆನ್‌ನನ್ನು.

1980ರ ದಶಕದ ಕೊನೆಯಿಂದ ಸಂದರ್ಶನಗಳಲ್ಲಿ, ಆಮೇಲೆ 2002ರಲ್ಲಿ ಬಂದ ಜಿಮ್ಮಿ ಮೆಕ್‌ಡೊನ ಅವರ ಜೀವನಚರಿತ್ರೆ ‘ಶೇಕಿ’ಯಲ್ಲಿ ಯಂಗ್ ಇದನ್ನು ಬಿಡಿಸಿ ಹೇಳಿದರು. ‘ಟ್ರಾನ್ಸ್’ ಮಾತು ಬಾರದ ಮಗುವಿನೊಡನೆ ಮಾತಾಡುವ ಪ್ರಯತ್ನದ ಬಗ್ಗೆ. ಈ ಹಾಡುಗಳ ಮಾತು ಕೇಳುಗರಿಗೆ ಅರ್ಥವಾಗುತ್ತಿಲ್ಲ ನಿಜ, ತನ್ನ ಮಗನ ಮಾತು ತನಗೂ ಅರ್ಥವಾಗುವುದಿಲ್ಲ, ಅದು ಹೇಗಿರುತ್ತದೆ ಎಂದು ಅವರಿಗೂ ಅನ್ನಿಸಲಿ ಎಂಬುದು ಯಂಗ್ ಅವರ ವಾದದ ಸಾರ. ಆಸ್ಪತ್ರೆಯೊಂದರಲ್ಲಿ ಪುಟ್ಟ ರೋಬೊಗಳು ಒಂದು ಮಗುವಿಗೆ ಗುಂಡಿ ಒತ್ತುವುದನ್ನು ಕಲಿಸಲು ಹೆಣಗುವ ವಿಡಿಯೊ ಮಾಡುವ ಯೋಜನೆಯೂ ಅವರಿಗಿತ್ತು. ಅದಕ್ಕೆ ಹಣ ಸಿಗಲಿಲ್ಲ. ಆ ವಿಡಿಯೊ ಬಂದಿದ್ದರೆ ವಿಮರ್ಶೆಗಳ ದಾರಿಯೇ ಬೇರೆಯಾಗುತ್ತಿತ್ತು.

ಸಿಟ್ಟಾದ ಕೇಳುಗರು ಬೇಡಿದ್ದು ಆತ್ಮೀಯತೆಯನ್ನು. ಯಂಗ್ ಅದುವರೆಗೆ ಬರೆದ ಹಾಡುಗಳಲ್ಲೇ ಅತ್ಯಂತ ಖಾಸಗಿಯಾದವು ಅವರ ಕೈಗೆ ಬಂದಿದ್ದವು. ಬಂದ ರೂಪದಲ್ಲಿ ಗುರುತು ಸಿಗಲಿಲ್ಲ. ಇದರಲ್ಲಿ ಕೇಳುಗರದ್ದು ತಪ್ಪು ಎನ್ನುವುದು ಸುಲಭ, ಆದರೆ ನ್ಯಾಯವಲ್ಲ. ಹೊದಿಕೆಯ ಮೇಲಾಗಲಿ ಸಂದರ್ಶನಗಳಲ್ಲಾಗಲಿ ಯಂಗ್ ಒಂದು ಸುಳಿವೂ ಕೊಟ್ಟಿರಲಿಲ್ಲ. ಸಾಲದ್ದಕ್ಕೆ, ಆಲ್ಬಂ ಶುರುವಾಗುವುದೇ ಹವಾಯಿಯ ‘ಲಿಟ್ಲ್ ಥಿಂಗ್ ಕಾಲ್ಡ್ ಲವ್’ ಎಂಬ ಲಘು ಪ್ರೇಮಗೀತೆಯಿಂದ, ಮುಗಿಯುವುದು ‘ಲೈಕ್ ಆನ್ ಇಂಕಾ’ ಎಂಬ ದೀರ್ಘ, ಸಾಧಾರಣ ಹಾಡಿನಿಂದ. ಮಧ್ಯದಲ್ಲಿ ಸಿಕ್ಕಿಕೊಂಡ ಆರು ಹಾಡುಗಳ ಒಳಗಿನ ನಂಟು ಹಾಗೆ ಕೇಳಿದಾಗ ಹೊಳೆಯುವುದು ಕಷ್ಟ.

ಗೆಫೆನ್ ಕಂಪನಿಯ ಅಸಮಾಧಾನ ಕೋರ್ಟಿನವರೆಗೂ ಹೋಯಿತು. ‘ಟ್ರಾನ್ಸ್’ ಬಳಿಕ ಯಂಗ್ ಕಂಟ್ರಿ ಶೈಲಿಯ ‘ಓಲ್ಡ್ ವೇಸ್’ ತಂದುಕೊಟ್ಟರು, ಕಂಪನಿ ಬೇಡವೆಂದಿತು. ರಾಕ್ ಅಂಡ್ ರೋಲ್ ಬೇಕು ಎಂಬ ಬೇಡಿಕೆ ಬಂತು. ಯಂಗ್ ಅದನ್ನು ಅಕ್ಷರಶಃ ನಡೆಸಿಕೊಟ್ಟರು: 1950ರ ದಶಕದ ರಾಕ್ ಅಂಡ್ ರೋಲ್ ಧಾಟಿಯಲ್ಲಿ, ‘ಶಾಕಿಂಗ್ ಪಿಂಕ್ಸ್’ ಎಂಬ ತಂಡದ ವೇಷ ತೊಟ್ಟು, 25 ನಿಮಿಷವೂ ಇಲ್ಲದ ‘ಎವ್ರಿಬಡೀಸ್ ರಾಕಿನ್’ ಆಲ್ಬಂ. 1983ರ ಕೊನೆಗೆ ಕಂಪನಿ 33 ಲಕ್ಷ ಡಾಲರ್‌ಗೆ ದಾವೆ ಹೂಡಿತು. ಈ ಕೃತಿಗಳು ವ್ಯಾಪಾರಕ್ಕೆ ಒದಗುವಂಥವಲ್ಲ, ಯಂಗ್ ಅವರ ಹಿಂದಿನ ಸಂಗೀತಕ್ಕೆ ತಕ್ಕವೂ ಅಲ್ಲ ಎಂಬುದು ಆರೋಪ. ಬಿಡಿಸಿ ಹೇಳಿದರೆ, ನೀಲ್ ಯಂಗ್ ನೀಲ್ ಯಂಗ್‌ರಂತೆ ಹಾಡುತ್ತಿಲ್ಲ ಎಂದು ನೀಲ್ ಯಂಗ್ ಮೇಲೆ ಮೊಕದ್ದಮೆ. ಕರಾರಿನಲ್ಲಿದ್ದ ಸ್ವಾತಂತ್ರ್ಯವನ್ನು ಮುಂದಿಟ್ಟು ಯಂಗ್ 2.1 ಕೋಟಿ ಡಾಲರ್‌ಗೆ ಪ್ರತಿದಾವೆ ಹಾಕಿದರು. ಕೊನೆಗೆ ರಾಜಿಯಾಯಿತು, ಡೇವಿಡ್ ಗೆಫೆನ್ ಮುಂದೆ ಯಂಗ್‌ರ ಕ್ಷಮೆಯನ್ನೂ ಕೇಳಿದರು. ಯಂಗ್ 1988ರಲ್ಲಿ ರೀಪ್ರೈಸ್‌ಗೆ ಮರಳಿದರು. ಮರುವರ್ಷದ ‘ಫ್ರೀಡಮ್’ ಬಂದಾಗ ಹಳೆಯ ಕೇಳುಗರೂ ಮರಳಿದರು, ಹಿಂದಿನ ಆಲ್ಬಂಗಳನ್ನು ದುಃಸ್ವಪ್ನದ ಲೆಕ್ಕಕ್ಕೆ ಹಾಕಿ.

ಮರುಕೇಳುವಿಕೆ ನಿಧಾನವಾಗಿ ಶುರುವಾಯಿತು. 1989ರಲ್ಲಿ ‘ದ ಬ್ರಿಜ್’ ಎಂಬ ಗೌರವ ಆಲ್ಬಂ ಬಂತು. ಯಂಗ್ ಅವರ ಯಾವ ಹಾಡನ್ನಾದರೂ ಆರಿಸಬಹುದಿದ್ದ ‘ಸಾನಿಕ್ ಯೂತ್’ ತಂಡ ಅದಕ್ಕೆ ‘ಟ್ರಾನ್ಸ್’ನ ‘ಕಂಪ್ಯೂಟರ್ ಏಜ್’ ಅನ್ನೇ ಹಾಡಿಕೊಟ್ಟಿತು. ಹೊಸ ತಲೆಮಾರಿನ ಗದ್ದಲದ ಗಿಟಾರುಗಾರರು ‘ಹಾರ್ವೆಸ್ಟ್’ ಬಿಟ್ಟು ‘ಟ್ರಾನ್ಸ್’ಗೆ ಕೈ ಹಾಕಿದ್ದು ಅನೇಕರ ಹುಬ್ಬೇರಿಸಿತು. ‘ದ ಬ್ರಿಜ್’ ಎಂಬ ಹೆಸರಿಗೂ ಬೆನ್‌ಗೂ ಸಂಬಂಧವಿದೆ. ಮಾತು ಬಾರದ, ತೀವ್ರ ದೈಹಿಕ ಅಡಚಣೆಯ ಮಕ್ಕಳಿಗಾಗಿ ಪೆಗಿ ಯಂಗ್ ಇನ್ನಿಬ್ಬರೊಡನೆ ಸೇರಿ ಕ್ಯಾಲಿಫೋರ್ನಿಯಾದ ಹಿಲ್ಸ್‌ಬರೊದಲ್ಲಿ ಕಟ್ಟಿದ ಶಾಲೆಯ ಹೆಸರು ಬ್ರಿಜ್ ಸ್ಕೂಲ್. ಅದರ ನೆರವಿಗೆಂದು 1986ರಲ್ಲಿ ಆರಂಭವಾದ ವಾರ್ಷಿಕ ಸಂಗೀತ ಕಾರ್ಯಕ್ರಮ 2016ರವರೆಗೆ ನಡೆಯಿತು. ಡಿಲನ್, ಸ್ಪ್ರಿಂಗ್‌ಸ್ಟೀನ್‌ರಂಥವರೂ ಅಲ್ಲಿ ಹಾಡಿದರು.

1993ರಲ್ಲಿ ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮದಲ್ಲಿ ಯಂಗ್ ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಅನ್ನು ವಿದ್ಯುತ್ತಿನ ಹಂಗಿಲ್ಲದೆ, ಸ್ವಂತ ಕಂಠದಲ್ಲಿ ಹಾಡಿದರು. ಹತ್ತು ವರ್ಷ ಯಂತ್ರದ ಹಿಂದೆ ಅಡಗಿದ್ದ ರಾಗ ಬಯಲಾಯಿತು. ಎಂಥ ಒಳ್ಳೆಯ ಹಾಡು, ಆಗ ವೃಥಾ ಹಾಳುಮಾಡಿದ್ದರು ಎಂದು ಹಳೆಯ ವಿರೋಧಿಗಳು ಹೇಳಿದರು. ಹಾಳುಮಾಡಿರಲಿಲ್ಲ, ಆ ಅಸ್ಪಷ್ಟತೆಯೇ ಹಾಡಿನ ಜೀವ ಎಂದು ಇನ್ನೊಂದು ಪಕ್ಷ ವಾದಿಸಿತು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಎರಡನೆಯ ಪಕ್ಷದ ಮಾತೇ ಹೆಚ್ಚು ತೂಕದ್ದೆನಿಸುತ್ತದೆ. ಅನ್‌ಪ್ಲಗ್ಡ್ ರೂಪ ಕಿವಿಗೆ ಹಿತ; ಯಂಗ್ ಅವರ ಹತ್ತಾರು ಒಳ್ಳೆಯ ಹಾಡುಗಳ ನಡುವೆ ಇನ್ನೊಂದು. 1982ರ ರೂಪದಲ್ಲಿ ತಂದೆಯೊಬ್ಬ ಗೋಡೆಯಾಚೆಯಿಂದ ಕರೆಯುತ್ತಿದ್ದಾನೆ, ಮಾತು ಪೂರ್ತಿ ದಾಟಿ ಬರುತ್ತಿಲ್ಲ.

ಆದರೂ ಮಗನ ಕಥೆಯಿಂದ ಇಡೀ ಆಲ್ಬಂಗೆ ಮಾಫಿ ಸಿಗಬೇಕೆ ಎಂಬುದು ಬೇರೆಯೇ ಪ್ರಶ್ನೆ, ಇಂದಿಗೂ ಕೇಳುಗರು ಹಂಚಿಹೋಗುವುದು ಇಲ್ಲಿಯೇ. ಹಿನ್ನೆಲೆ ಗೊತ್ತಾದ ಮೇಲೆ ಟೀಕಿಸುವುದಕ್ಕೆ ನಾಲಿಗೆ ಹಿಂಜರಿಯುತ್ತದೆ, ಅದು ಸಹಜ. ಆದರೆ ‘ಕಂಪ್ಯೂಟರ್ ಕೌಬಾಯ್’ನ ಲಯ ಹಿನ್ನೆಲೆ ತಿಳಿದ ಮಾತ್ರಕ್ಕೆ ಬಿಗಿಯಾಗುವುದಿಲ್ಲ, ಹವಾಯಿಯ ‘ಹೋಲ್ಡ್ ಆನ್ ಟು ಯುವರ್ ಲವ್’ನ ಸಪ್ಪೆತನ ಕಳೆಯುವುದೂ ಇಲ್ಲ. ಹಾಡು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ತಮಾಷೆಯೆಂದರೆ, ಬೆನ್ ಕಥೆ ಕೇಳಿ ಆಲ್ಬಂ ಒಪ್ಪಿಕೊಂಡವರಲ್ಲಿ ಅನೇಕರು ಅದನ್ನು ಹಿಂದೆ ಯಾವ ಕಾರಣಕ್ಕೆ ತಿರಸ್ಕರಿಸಿದ್ದರೋ ಅದೇ ಕಾರಣಕ್ಕೆ ಒಪ್ಪಿಕೊಂಡರು: ಗಾಯಕ-ಗೀತಕಾರನ ಹಾಡೆಂದರೆ ಆತನ ಬದುಕಿನ ನಿಜವಾಗಿರಬೇಕು. ಆ ನಿಯಮ ಅಲುಗಾಡಲಿಲ್ಲ, ‘ಟ್ರಾನ್ಸ್’ ಅದರೊಳಗೆ ತಡವಾಗಿ ಪ್ರವೇಶ ಪಡೆಯಿತು ಅಷ್ಟೆ.

ಕಿವಿಗಳೂ ಬದಲಾಗಿವೆ. 1997ರಲ್ಲಿ ಆಟೋಟ್ಯೂನ್ ಬಂತು, 1998ರಲ್ಲಿ ಶೇರ್ ಅವರ ‘ಬಿಲೀವ್’ ಅದರ ಲೋಹದ ಮೆರುಗನ್ನು ಜಗತ್ತಿಗೆಲ್ಲ ಕೇಳಿಸಿತು. 2008ರಲ್ಲಿ ಕಾನ್ಯೆ ವೆಸ್ಟ್ ತಾಯಿಯ ಸಾವಿನ ನಂತರದ ‘808ಸ್ ಅಂಡ್ ಹಾರ್ಟ್‌ಬ್ರೇಕ್’ ಆಲ್ಬಂ ಅನ್ನು ಬಹುಪಾಲು ಆಟೋಟ್ಯೂನ್ ದನಿಯಲ್ಲೇ ಹಾಡಿದರು. ಕಾಡಿನ ಗುಡಿಸಲಲ್ಲಿ ಗಿಟಾರು ಹಿಡಿದು ಹೆಸರಾದ ‘ಬಾನ್ ಇವೇರ್’ನ ಜಸ್ಟಿನ್ ವರ್ನನ್ ಕೂಡ ಕೆಲವೇ ವರ್ಷಗಳಲ್ಲಿ ದನಿ ತಿರುಚುವ ಯಂತ್ರಗಳತ್ತ ಹೊರಳಿದರು. ಯಂತ್ರದ ದನಿಯಲ್ಲಿ ದುಃಖ ಹಾಡಬಹುದು ಎಂಬುದು ಈಗಿನ ಇಪ್ಪತ್ತರ ಹರೆಯದವರಿಗೆ ವಾದದ ವಿಷಯವೇ ಅಲ್ಲ. ಅವರು ‘ಟ್ರಾನ್ಸ್’ ಕೇಳಿದರೆ ವೊಕೋಡರ್ ಹಾಡುಗಳಲ್ಲಿ ವಿಶೇಷವೇನೂ ಕಾಣದೆ, ಹವಾಯಿಯ ಮೂರು ಹಾಡುಗಳು ಇಲ್ಲೇಕಿವೆ ಎಂದು ಕೇಳುವ ಸಂಭವವೇ ಹೆಚ್ಚು.

ಆ ಪ್ರಶ್ನೆಗೆ ಉತ್ತರ 2024ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. 1976ರಿಂದ 1987ರವರೆಗಿನ ಧ್ವನಿಮುದ್ರಣಗಳನ್ನು ಒಳಗೊಂಡ ‘ನೀಲ್ ಯಂಗ್ ಆರ್ಕೈವ್ಸ್’ನ ಮೂರನೆಯ ಸಂಪುಟದಲ್ಲಿ, ಗೆಫೆನ್ ಬೇಡವೆಂದಿದ್ದ ಹವಾಯಿಯ ಹಾಡುಗಳು ‘ಜಾನೀಸ್ ಐಲೆಂಡ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ಆಲ್ಬಂ ಆಗಿ ಬಂದವು. ಬೆಸೆದಿದ್ದ ಎರಡು ಕೃತಿಗಳನ್ನು ಕೇಳುಗರು ಈಗ ಬೇರೆಬೇರೆಯಾಗಿ ಕೇಳಬಹುದು. ಮೂರು ಹಾಡು ತೆಗೆದರೆ ‘ಟ್ರಾನ್ಸ್’ ಕೊನೆಗೂ ತಾನಾಗುತ್ತದೆ ಎನ್ನುವವರಿದ್ದಾರೆ. ಆ ಮೂರು ಹಾಡುಗಳ ಮನುಷ್ಯ ದನಿಯ ಪಕ್ಕದಲ್ಲಿ ಕೇಳಿದರಷ್ಟೇ ಉಳಿದ ಆರರ ದೂರ ಗೊತ್ತಾಗುತ್ತದೆ ಎನ್ನುವವರೂ ಇದ್ದಾರೆ.